ಕಾಲು, ಕಾಳು, ಕಲ್ಲು, ಕಳ್ಳು: ಹರಟೆಯ ಕಿರುನುಡಿಯ ಹಿಂದುಮುಂದು

ಮೊಬೈಲಿನ ಹರಟೆಯಲ್ಲಿ ಮೊಟಕು ಮಾತುಗಳನ್ನು ಕಂಡಾಗ ಎಳೆಯರು ಭಾಷೆಯನ್ನು ಕೆಡಿಸಿದರೆಂದು ಹಿರಿಯರು ನಿಟ್ಟುಸಿರು ಬಿಡುವುದುಂಟು. ಇತಿಹಾಸವನ್ನು ಸಾಕ್ಷಿಗೆ ಕರೆದರೆ ಈ ಮೊಕದ್ದಮೆ ನಿಲ್ಲುವುದು ಕಷ್ಟ. ಬೆರಗನ್ನು ಸೂಚಿಸುವ ‘ಓಎಂಜಿ’ ಎಂಬ ಸಂಕ್ಷೇಪದ ಹಳೆಯ ದಾಖಲೆಯಾಗಿ ನಿಘಂಟುಕಾರರು ಗುರುತಿಸಿರುವುದು 1917ರ ಒಂದು ಪತ್ರವನ್ನು. ಅದನ್ನು ಬರೆದವನು ಬ್ರಿಟಿಷ್ ನೌಕಾಪಡೆಯ ಮಾಜಿ ಮುಖ್ಯಸ್ಥ ಅಡ್ಮಿರಲ್ ಫಿಶರ್. ಪಡೆದವನು ವಿನ್‌ಸ್ಟನ್ ಚರ್ಚಿಲ್. ಹೊಸದೊಂದು ಬಿರುದು ಬರಲಿದೆಯೆಂಬ ವದಂತಿಯನ್ನು ಗೇಲಿ ಮಾಡುತ್ತ ಈ ಮೂರಕ್ಷರಗಳನ್ನು ಬಳಸಿದಾಗ ಆ ‘ಎಳೆಯ’ನಿಗೆ 76 ವರ್ಷ.

ಭಾರತದಲ್ಲಿಯೂ ಅಡಕಗೊಳಿಸುವಿಕೆಗೆ ಗೌರವದ ಪರಂಪರೆಯಿದೆ. ಪಾಣಿನಿಯು ವರ್ಣಗಳನ್ನು 14 ಸೂತ್ರಗಳಲ್ಲಿ ಜೋಡಿಸಿ, ಸ್ವರಗಳನ್ನೆಲ್ಲ ‘ಅಚ್’ ಎಂದೂ ವ್ಯಂಜನಗಳನ್ನೆಲ್ಲ ‘ಹಲ್’ ಎಂದೂ ಕರೆದನು. ಅರ್ಧ ಮಾತ್ರೆ ಉಳಿದರೂ ವೈಯಾಕರಣರಿಗೆ ಗಂಡುಮಗು ಹುಟ್ಟಿದಷ್ಟು ಸಂಭ್ರಮವೆಂಬ ಮಾತು ಪಂಡಿತರಲ್ಲಿ ಪ್ರಸಿದ್ಧ. ಕನ್ನಡದ ಹಳೆಯ ಕಾಗದಗಳಲ್ಲಿ ಮಹಾರಾಜರಾಜಶ್ರೀಗಳು ‘ಮ.ರಾ.ರಾ.’ ಆದರು, ಚಿರಂಜೀವಿಯು ‘ಚಿ.’ ಆದನು. ದೀರ್ಘಾಯುಷ್ಯವನ್ನು ಹಾರೈಸುವ ಪದದ ಆಯುಸ್ಸನ್ನೇ ಹೀಗೆ ಕಡಿದವರು ಹಿರಿಯರು.

ಮೊಬೈಲಿನ ಮೊಟಕಿಗೆ ಕಾರಣ ಲೆಕ್ಕಾಚಾರ. 1992ರ ಡಿಸೆಂಬರ್ 3ರಂದು ಮೊದಲ ಎಸ್ಸೆಮ್ಮೆಸ್ ರವಾನೆಯಾಯಿತು. ಒಂದು ಸಂದೇಶದಲ್ಲಿ ರೋಮನ್ ಲಿಪಿಗೆ 160 ಸ್ಥಾನಗಳಿದ್ದರೆ, ಯೂನಿಕೋಡ್ ಕನ್ನಡಕ್ಕೆ ದೊರೆತದ್ದು 70 ಮಾತ್ರ. ಒತ್ತು, ಗುಣಿತಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ‘ಲಕ್ಷ್ಮೀ’ ಎಂದು ಬರೆದರೆ ಏಳು ಸ್ಥಾನಗಳು ಖರ್ಚು. ಸಂದೇಶದ ಹತ್ತರಲ್ಲೊಂದು ಪಾಲು ಒಬ್ಬ ದೇವತೆಗೇ ಸಲ್ಲುತ್ತದೆ. ಜೊತೆಗೆ ಅಂದಿನ ಎಷ್ಟೋ ಫೋನುಗಳಲ್ಲಿ ಕನ್ನಡ ಅಕ್ಷರಗಳೇ ಮೂಡುತ್ತಿರಲಿಲ್ಲ. ಕನ್ನಡಿಗರು ರೋಮನ್ ಲಿಪಿಯ ಮೊರೆಹೊಕ್ಕರು.

ಉಳಿತಾಯಕ್ಕೆ ತೆತ್ತ ಬೆಲೆ ಬೇರೆ. ಹರಟೆಯ ರೂಢಿಯಂತೆ ಕೆ, ಎ, ಎಲ್, ಯು ಎಂದು ಒತ್ತಿದರೆ ಅದು ಕಾಲೂ ಆಗಬಹುದು, ಕಾಳೂ ಕಲ್ಲೂ ಕಳ್ಳೂ ಆಗಬಹುದು. ಸಂಜೆ ಮನೆಗೆ ಕಾಳು ತರಬೇಕೆಂದು ಮಡದಿ ಕಳುಹಿದ ಸಂದೇಶವನ್ನು ಪತಿಯು ಕಳ್ಳೆಂದು ಓದಿಕೊಂಡರೆ ತಪ್ಪು ಯಾರದು?

ಅಕ್ಷರಭೇದದ ಈ ಸಂಕಟ ಕೇಶಿರಾಜನ ಕಾಲದಲ್ಲಿಯೂ ಇತ್ತು. 13ನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಅವನು ೞಕಾರವುಳ್ಳ ಪದಗಳನ್ನು ಪಟ್ಟಿಮಾಡಬೇಕಾಯಿತು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ, ‘ಬಾೞ್’ ಎಂದರೆ ಬದುಕು. ಪಟ್ಟಿಯಿದ್ದರೂ ೞಕಾರ ಉಳಿಯಲಿಲ್ಲ. ಆದರೆ ಅದು ನಾಲಗೆಯಿಂದ ಮರೆಯಾದ ಬಳಿಕ ಬರಹದಿಂದ ಹೋಯಿತು. ಇಂದಿನ ಹರಟೆಯಲ್ಲಿ ನಾಲಗೆಯ ಮೇಲೆ ಜೀವಂತವಾಗಿರುವ ಳಕಾರವೇ ಬರಹದಲ್ಲಿ ಕಾಣೆಯಾಗುತ್ತಿದೆ. ಕಿರುನುಡಿಯ ನಿಜವಾದ ಸಮಸ್ಯೆ ಅದು ಮೊಟಕೆಂಬುದಲ್ಲ, ಕಣ್ಣಿಗೆ ಕಾಣುವ ಬರಹವು ಕಿವಿಗೆ ಕೇಳುವ ನುಡಿಯನ್ನು ಬಿಟ್ಟುಕೊಟ್ಟಿತೆಂಬುದು.

ಎ–ಏ, ಒ–ಓಗಳ ಭೇದವನ್ನು ತೋರಿಸದ ಓಲೆಗರಿಗಳನ್ನು ಸಂಪಾದಕರು ಓದಿದ್ದಾರೆ. ಅವರಿಗೆ ಛಂದಸ್ಸಿನ ನೆರವಿತ್ತು. ಮಾತ್ರೆ ಎಣಿಸಿ ಹ್ರಸ್ವವೋ ದೀರ್ಘವೋ ಎಂದು ನಿರ್ಣಯಿಸುತ್ತಿದ್ದರು. ಹರಟೆಗೆ ಛಂದಸ್ಸಿಲ್ಲ. ಫೋನಿನಲ್ಲಿ ಈಗ ಕನ್ನಡದ ಕೀಲಿಮಣೆಯಿದೆ, 70ರ ಕಟ್ಟೂ ಸಡಿಲವಾಗಿದೆ, ಉಳಿದಿರುವುದು ಅಭ್ಯಾಸವೊಂದೇ. ಅದೂ ಹೋಗದಿದ್ದರೆ, ಮುಂದೊಬ್ಬ ಸಂಶೋಧಕನು ಆ ಗೃಹಸ್ಥನ ಸಂದೇಶವನ್ನು ಸಂಪಾದಿಸುತ್ತ, 21ನೆಯ ಶತಮಾನದ ಕನ್ನಡಿಗರು ಪ್ರತಿ ಸಂಜೆ ಕಳ್ಳನ್ನು ಮನೆಗೆ ತರಿಸುತ್ತಿದ್ದರೆಂದು ಸಪ್ರಮಾಣವಾಗಿ ಸಾಧಿಸಿಯಾನು.