ನಾಯಿಮೂಲ

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಆ ಮಾತಿಗೆ ನಾನು ಎದುರಾಡುವುದಿಲ್ಲ. ಆದರೆ ಮನೆಗೊಂದು ನಾಯಿಯನ್ನು ತರಬೇಕೆಂದಿರುವವರು ನಾಯಿಮೂಲವನ್ನು ಮಾತ್ರ ತಪ್ಪದೆ ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಅದೂ ಸಣ್ಣ ತಳಿಯ ನಾಯಿಯಾದರೆ ಇನ್ನೂ ಹೆಚ್ಚಾಗಿ ವಿಚಾರಿಸಬೇಕು.

"ನಮ್ಮದು ಮಹಡಿಯ ಮೇಲಿನ ಮನೆ, ಅಂಗಳವಿಲ್ಲ, ಮಕ್ಕಳು ಹಟ ಹಿಡಿದಿದ್ದಾರೆ, ಯಾವುದಾದರೊಂದು ಸಣ್ಣ ನಾಯಿಯನ್ನು ಸೂಚಿಸಿ" ಎಂದು ನನ್ನನ್ನು ಕೇಳುವವರುಂಟು. ನಾನು ಪಶುವೈದ್ಯನಲ್ಲ, ಚರಿತ್ರೆಯನ್ನು ಓದುವ ಅಭ್ಯಾಸವುಳ್ಳವನು. ಆದುದರಿಂದ ನನ್ನ ಉತ್ತರವೂ ಚರಿತ್ರೆಯ ದಾರಿಯಲ್ಲಿಯೇ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದು ಎಣಿಕೆ ಇರುತ್ತದೆ: ನಾಯಿ ಸಣ್ಣದಾದರೆ ಹೊಣೆಯೂ ಸಣ್ಣದು. ಚರಿತ್ರೆ ಈ ಎಣಿಕೆಯನ್ನು ಒಪ್ಪುವುದಿಲ್ಲ. ಸಣ್ಣ ನಾಯಿ ಎಂದರೆ ದೊಡ್ಡ ನಾಯಿಯ ಸಣ್ಣ ಪ್ರತಿಯಲ್ಲ. ಯಾರೋ, ಎಲ್ಲಿಯೋ, ಯಾವುದೋ ಒಂದು ಕೆಲಸಕ್ಕಾಗಿ ಅಥವಾ ಒಂದು ಖಯಾಲಿಗಾಗಿ ಅದನ್ನು ಹಾಗೆ ರೂಪಿಸಿದ್ದಾರೆ. ಆ ಕೆಲಸ ಮರೆಯಾಗಿರಬಹುದು. ಆ ಅರಮನೆ ಸುಟ್ಟುಹೋಗಿರಬಹುದು. ನಾಯಿಯ ಮೈಯಲ್ಲಿ ಮಾತ್ರ ಅವೆರಡೂ ಉಳಿದಿರುತ್ತವೆ.

ಮನುಷ್ಯನು ನಾಯಿಯನ್ನು ಗಿಡ್ಡದಾಗಿಸಿದ್ದು ಮುಖ್ಯವಾಗಿ ಮೂರು ಬಗೆಯಲ್ಲಿ. ಕೆಲವಕ್ಕೆ ಕಾಲನ್ನು ಕುಗ್ಗಿಸಿದ, ಕೆಲವಕ್ಕೆ ಇಡೀ ಮೈಯನ್ನು ಕುಗ್ಗಿಸಿದ, ಕೆಲವಕ್ಕೆ ಮುಖವನ್ನು ಕುಗ್ಗಿಸಿದ. ಸಣ್ಣ ಮೈಗೆ ಕಾರಣವಾಗುವ ಒಂದು ಮುಖ್ಯ ಜೀನನ್ನು ವಿಜ್ಞಾನಿಗಳು 2007ರಲ್ಲಿ ಗುರುತಿಸಿದರು. ಗಿಡ್ಡ ಕಾಲಿನ ಜೀನನ್ನು 2009ರಲ್ಲಿ. ಸಣ್ಣ ಮೈಯ ಆ ಗುಣವು ಸೈಬೀರಿಯದಲ್ಲಿ ದೊರೆತ, ಸುಮಾರು 54,000 ವರ್ಷಗಳ ಹಿಂದಿನ ತೋಳದಲ್ಲಿಯೂ ಇತ್ತೆಂದು 2022ರಲ್ಲಿ ತಿಳಿದುಬಂತು. ಎಂದರೆ ಸಣ್ಣತನವನ್ನು ಮನುಷ್ಯ ಸೃಷ್ಟಿಸಲಿಲ್ಲ, ಆರಿಸಿಕೊಂಡ. ಆರಿಸಿದವನಿಗೆ ಹೊಣೆಯೂ ಇರಬೇಕಷ್ಟೆ.

ಮೊದಲು ಕಾಲು ಕುಗ್ಗಿದವನ ಕಥೆ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಎಂದರೆ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ, ನಮ್ಮ ತರಕರಡಿಗೆ ದೂರದ ಬಂಧು. 'ಹುಂಡ್' ಎಂದರೆ ನಾಯಿ. ಬ್ಯಾಜರನ್ನು ಬಿಲದೊಳಗೇ ನುಗ್ಗಿ ಎದುರಿಸಬೇಕಾದ ನಾಯಿ ಡಾಕ್ಸ್‌ಹುಂಡ್. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಜರ್ಮನ್ ಬೇಟೆಗಾರರು ತಮ್ಮ ರೀತಿಯಲ್ಲಿ ಪಾಲಿಸಿ, ಬಿಲವಿದ್ದಷ್ಟಕ್ಕೆ ನಾಯಿಯ ಕಾಲನ್ನು ಗಿಡ್ಡಗೊಳಿಸಿದರು. ಬಿಲದ ಕತ್ತಲೆಯಲ್ಲಿ ಯಜಮಾನನ ಅಪ್ಪಣೆ ಕೇಳಿಸದು. ಆದುದರಿಂದ ಅದಕ್ಕೆ ಸ್ವಂತ ಬುದ್ಧಿ ಬೇಕು. ನೆಲದ ಮೇಲೆ ನಿಂತವರಿಗೆ ತಾನು ಎಲ್ಲಿರುವೆನೆಂದು ತಿಳಿಯಬೇಕು. ಆದುದರಿಂದ ಗಟ್ಟಿ ದನಿ ಬೇಕು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ 'ವಾಲ್ಡಿ' ಎಂಬ ಬಣ್ಣಬಣ್ಣದ ಡಾಕ್ಸ್‌ಹುಂಡ್ ಲಾಂಛನವಾದಾಗ ಲೋಕವೆಲ್ಲ ಅದನ್ನು ಆಟಿಕೆಯೆಂದೇ ಕಂಡಿತು. ಮನೆಗೆ ತಂದವರು ಕಾಣುವುದೇ ಬೇರೆ: ಕರೆದರೆ ಯೋಚಿಸಿ ಬರುವ, ಹೂಕುಂಡದ ಮಣ್ಣನ್ನು ಕೆದಕುವ, ಬಾಗಿಲಲ್ಲಿ ಸಪ್ಪಳವಾದರೆ ಮೂರು ಮನೆಗೆ ಕೇಳುವಂತೆ ಬೊಗಳುವ ಪ್ರಾಣಿ. ಅದು ಹಟಮಾರಿಯಲ್ಲ, ತನ್ನ ಕಸುಬನ್ನು ಮರೆಯದ ಕೆಲಸಗಾರ. ಉದ್ದ ಬೆನ್ನು, ಗಿಡ್ಡ ಕಾಲುಗಳ ಈ ರಚನೆಯಲ್ಲಿ ಬೆನ್ನುಮೂಳೆಯ ನಡುವಣ ಬಿಲ್ಲೆಗಳು ಬೇಗ ಸವೆದು ಜಾರುವ ಅಪಾಯವಿದೆ; ಹಿಂಗಾಲುಗಳ ಶಕ್ತಿಯೇ ಹೋಗಬಹುದು. ಲಿಫ್ಟಿಲ್ಲದ ಮೂರನೆಯ ಮಹಡಿಯ ಮನೆ ಅದಕ್ಕೆ ಹೇಳಿದ್ದಲ್ಲ.

ಇನ್ನು ಮೈ ಕುಗ್ಗಿದವರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೈಮಗ್ಗದ ಕಸುಬು ಕೆಟ್ಟು, ಇಂಗ್ಲೆಂಡಿನ ಯಾರ್ಕ್‌ಷೈರ್ ಮತ್ತು ಲ್ಯಾಂಕಷೈರ್‌ಗಳ ಗಿರಣಿಗಳಿಗೆ ಕೂಲಿ ಅರಸಿ ಬಂದರು. ಗಂಟುಮೂಟೆಯ ಜೊತೆಗೆ ತಮ್ಮ ಪುಟ್ಟ ಟೆರಿಯರ್ ನಾಯಿಗಳನ್ನೂ ತಂದರು. ಗಿರಣಿಯಲ್ಲಿ ಇಲಿಗಳ ಕಾಟ. ಇಲಿ ಹಿಡಿಯುವುದು ನಾಯಿಗಳ ಕೆಲಸ. ಹೀಗೆ ಯಾರ್ಕ್‌ಷೈರ್ ಟೆರಿಯರ್ ತಳಿ ರೂಪುಗೊಂಡಿತು. ಅದರ ಮೂಲಪುರುಷನೆಂದು ಹೇಳುವ 'ಹಡರ್ಸ್‌ಫೀಲ್ಡ್ ಬೆನ್' 1865ರಲ್ಲಿ ಹುಟ್ಟಿ, 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತ. ಪ್ರದರ್ಶನದಲ್ಲಿ ಬಹುಮಾನ ಗೆದ್ದಂತೆ ಇಲಿ ಕೊಲ್ಲುವ ಪಂದ್ಯದಲ್ಲಿಯೂ ಅವನು ಗೆದ್ದಿದ್ದನು. ಇಂದು ಅವನ ಸಂತತಿಯ ನೆತ್ತಿಗೆ ರೇಷ್ಮೆಯ ರಿಬ್ಬನ್ನು ಕಟ್ಟಿ ಸೋಫಾದ ಮೇಲೆ ಕೂರಿಸುತ್ತಾರೆ. ಅದರ ಎದೆಯೊಳಗಿರುವುದು ಮಾತ್ರ ಗಿರಣಿಯ ಕೂಲಿಕಾರನ ನಾಯಿಯೇ. ಮೂರು ಕಿಲೋ ತೂಕದ ಆ ಜೀವಕ್ಕೆ ತಾನು ಚಿಕ್ಕದೆಂಬ ಅರಿವಿಲ್ಲ; ದೊಡ್ಡ ನಾಯಿಯ ಮೇಲೂ ಏರಿಹೋಗುತ್ತದೆ. ಅದರ ಎಲುಬು ಮಾತ್ರ ತೆಳು. ಎತ್ತಿ ಆಡಿಸಿ ಕೈಬಿಡುವ ನಾಲ್ಕು ವರ್ಷದ ಮಗುವಿರುವ ಮನೆಗೆ ಅದು ಸಲ್ಲದು. ಬಿಡುವಾಗಿ ಕುಳಿತು ಅದರ ಕೂದಲನ್ನು ಬಾಚಬಲ್ಲ ಹಿರಿಯರಿರುವ ಮನೆಗೆ ಸಲ್ಲುತ್ತದೆ.

ಪಾಮರೇನಿಯನ್ ನಾಯಿಯ ಹೆಸರು ನಮ್ಮವರಿಗೆ ಹೆಚ್ಚು ಪರಿಚಿತ. ಬಾಲ್ಟಿಕ್ ಕಡಲಂಚಿನ ಪಾಮರೇನಿಯ ಪ್ರಾಂತದ ಹೆಸರಿದು. ಅದರ ಪೂರ್ವಜರು ಹಿಮನಾಡಿನ ಸ್ಪಿಟ್ಸ್ ಜಾತಿಯವು. ಗೇನ್ಸ್‌ಬರೋ ಎಂಬ ಆಂಗ್ಲ ಚಿತ್ರಕಾರ 1777ರ ಸುಮಾರಿಗೆ ತಾಯಿ-ಮರಿ ಪಾಮರೇನಿಯನ್ನುಗಳ ಚಿತ್ರವೊಂದನ್ನು ಬರೆದಿದ್ದಾನೆ. ಆ ತಾಯಿ ಮಡಿಲಲ್ಲಿ ಹಿಡಿಸುವ ನಾಯಿಯೇ ಅಲ್ಲ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಿಂದ 'ಮಾರ್ಕೊ' ಎಂಬ ಚಿಕ್ಕ ಗಾತ್ರದ ಪಾಮರೇನಿಯನ್ನನ್ನು ತಂದಳು. ರಾಣಿಯ ಮೆಚ್ಚುಗೆ ಪ್ರಜೆಗಳ ಮೆಚ್ಚುಗೆಯಾಗಿ, ತಳಿ ಬೇಗಬೇಗನೆ ಕುಗ್ಗುತ್ತ ಬಂದು ಈಗ ಎರಡು ಮೂರು ಕಿಲೋಗಳಿಗೆ ನಿಂತಿದೆ. 1901ರಲ್ಲಿ ರಾಣಿ ಮರಣಶಯ್ಯೆಯಲ್ಲಿದ್ದಾಗ ಪಕ್ಕದಲ್ಲಿದ್ದುದೂ 'ಟುರಿ' ಎಂಬ ಪಾಮರೇನಿಯನ್ನೇ. ಮೈ ಕುಗ್ಗಿದರೂ ಹಿಮನಾಡಿನ ಇಮ್ಮಡಿ ತುಪ್ಪಳ ಉಳಿಯಿತು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಲ್ಲಿ ಆ ಕಂಬಳಿಯನ್ನು ಹೊದ್ದು ಬದುಕುವ ಪಾಡನ್ನು ಊಹಿಸಿ. ನಮ್ಮ ಕಡೆ ಪಾಮರೇನಿಯನ್ ಎಂದು ಕರೆಯುವ ಅನೇಕ ನಾಯಿಗಳು ನಿಜವಾಗಿ ಇಲ್ಲಿಯೇ ಬೆಳೆದ ಇಂಡಿಯನ್ ಸ್ಪಿಟ್ಸ್; ಈ ನೆಲದ ಬಿಸಿಲಿಗೆ ಹೆಚ್ಚು ಒಗ್ಗಿದವು. 1994ರ 'ಹಮ್ ಆಪ್ಕೆ ಹೈ ಕೌನ್' ಹಿಂದಿ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡ 'ಟಫಿ' ಅದೇ ತಳಿಯದು. ಹೆಸರಿನ ಬೆಡಗಿಗಿಂತ ಈ ವ್ಯತ್ಯಾಸವನ್ನು ತಿಳಿಯುವುದು ಉಪಯುಕ್ತ.

ಮೂರನೆಯದು ಮುಖ ಕುಗ್ಗಿದವರ ಕಥೆ. ಇದು ಅರಮನೆಗಳ ಕಥೆ. ಚೀನದ ಚಕ್ರವರ್ತಿಗಳ ಅಂತಃಪುರದಲ್ಲಿ ಪೆಕಿನೀಸ್ ಎಂಬ ಚಪ್ಪಟೆ ಮೂತಿಯ ನಾಯಿಗಳಿದ್ದವು. 1860ರಲ್ಲಿ, ಎರಡನೆಯ ಅಫೀಮು ಯುದ್ಧದ ಕೊನೆಗೆ, ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಪೀಕಿಂಗ್ ನಗರದ ಬೇಸಗೆಯ ಅರಮನೆಯನ್ನು ದೋಚಿದವು. ಬಳಿಕ ಬ್ರಿಟಿಷರು ಅದನ್ನು ಸುಟ್ಟರು. ಅಲ್ಲಿ ಸಿಕ್ಕಿದ ಐದು ಪೆಕಿನೀಸ್ ನಾಯಿಗಳಲ್ಲಿ ಒಂದನ್ನು ಡನ್ ಎಂಬ ಕ್ಯಾಪ್ಟನ್ ವಿಕ್ಟೋರಿಯಾ ರಾಣಿಗೆ ಒಪ್ಪಿಸಿದನು. ಅದಕ್ಕೆ ಇಟ್ಟ ಹೆಸರು 'ಲೂಟಿ'. ಹೌದು, ನಾವು ಬಳಸುವ ಲೂಟಿಯೇ. ಭಾರತದಿಂದ ಇಂಗ್ಲಿಷಿಗೆ ಹೋದ ಆ ಪದ, ಚೀನದಲ್ಲಿ ನಡೆದ ಕೃತ್ಯವನ್ನು ನಾಚಿಕೆಯಿಲ್ಲದೆ ಒಂದು ಮುದ್ದು ನಾಯಿಯ ಕೊರಳಿಗೆ ಕಟ್ಟಿತು. 'ಲೂಟಿ' 1872ರವರೆಗೆ ಇಂಗ್ಲೆಂಡಿನ ಅರಮನೆಯಲ್ಲಿ ಬಾಳಿತು.

ಪಗ್ ನಾಯಿಯೂ ಚೀನದ್ದೇ. ಡಚ್ ವರ್ತಕರ ಹಡಗುಗಳಲ್ಲಿ ಯೂರೋಪಿಗೆ ಬಂದಿತೆಂದು ಹೇಳುತ್ತಾರೆ. 1572ರಲ್ಲಿ ಎರ್ಮಿನಿ ಎಂಬಲ್ಲಿ ಸ್ಪೇನಿನ ಸೈನಿಕರು ಇರುಳಿನಲ್ಲಿ ಬೀಡಿನ ಮೇಲೆ ಬಿದ್ದಾಗ, ಆರೆಂಜ್ ಮನೆತನದ ವಿಲಿಯಮ್ಮನನ್ನು ಅವನ ಪುಟ್ಟ ನಾಯಿ ಎಬ್ಬಿಸಿ ಉಳಿಸಿತೆಂಬ ಕಥೆಯಿದೆ. ಆ ನಾಯಿ ಪಗ್ ಎಂಬುದು ಪಗ್‌ಪ್ರಿಯರ ನಂಬಿಕೆ. ಬೇಟೆಯಿಲ್ಲ, ಇಲಿಯಿಲ್ಲ, ಮಂದೆಯಿಲ್ಲ. ಮನುಷ್ಯನ ಪಕ್ಕದಲ್ಲಿರುವುದೇ ಅದರ ಉದ್ಯೋಗ. ಆದುದರಿಂದಲೇ ಮಕ್ಕಳ ಜೊತೆಗೂ ವೃದ್ಧರ ಜೊತೆಗೂ ಅದು ಹೊಂದಿಕೊಳ್ಳುವಷ್ಟು ಸೊಗಸಾಗಿ ಹೊಂದುವ ನಾಯಿ ಕಡಮೆ. ಸ್ವಭಾವ ನೋಡಿದರೆ ಚಿಕ್ಕ ಮನೆಗೆ ಇದೇ ಸರಿ ಎನಿಸಬೇಕು. ಆದರೆ ಅದರ ಉಸಿರಿನ ಕಥೆಯನ್ನೂ ಕೇಳಬೇಕು.

ವಿಲಿಯಮ್ ಹೊಗಾರ್ತ್ ಎಂಬ ಆಂಗ್ಲ ಕಲಾವಿದ 1745ರಲ್ಲಿ ತನ್ನ ಚಿತ್ರವನ್ನು ತಾನೇ ಬರೆದು, ಎದುರಿಗೆ ತನ್ನ ಪಗ್ 'ಟ್ರಂಪ್'ನನ್ನು ಕೂರಿಸಿದ್ದಾನೆ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ಆ ಚಿತ್ರವನ್ನು ನೋಡಿದರೆ ಅಚ್ಚರಿಯಾಗುತ್ತದೆ: ಆ ಪಗ್ಗಿಗೆ ಮೂಗಿದೆ! ಚಾಚಿದ ಮೂತಿಯಿದೆ. ಹಾಗಾದರೆ ಅದನ್ನು ಅಳಿಸಿದವರು ಯಾರು? ಇಂಗ್ಲೆಂಡಿನಲ್ಲಿ ಮೊದಲ ವ್ಯವಸ್ಥಿತ ಶ್ವಾನಪ್ರದರ್ಶನ ನ್ಯೂಕ್ಯಾಸಲ್ ನಗರದಲ್ಲಿ 1859ರಲ್ಲಿ ನಡೆಯಿತು. ಮನುಷ್ಯನು ಸಾಕುಪ್ರಾಣಿಗಳಲ್ಲಿ ಮಾಡುವ ಆಯ್ಕೆಯಿಂದಲೇ ಆರಂಭವಾಗುವ ಡಾರ್ವಿನ್ನನ ಗ್ರಂಥ ಅಚ್ಚಾದುದೂ ಅದೇ ವರ್ಷ. 1873ರಲ್ಲಿ ಕೆನಲ್ ಕ್ಲಬ್ ಸ್ಥಾಪಿತವಾಯಿತು. ತಳಿಗೊಂದು ಲಕ್ಷಣಗ್ರಂಥ ಹುಟ್ಟಿತು. ಲಕ್ಷಣಕ್ಕೆ ಬಹುಮಾನ, ಬಹುಮಾನಕ್ಕೆ ಇನ್ನಷ್ಟು ಲಕ್ಷಣ. ಚಪ್ಪಟೆ ಮುಖ ಚೆಂದ ಎಂದರೆ ಇನ್ನೂ ಚಪ್ಪಟೆ ಇನ್ನೂ ಚೆಂದವಾಯಿತು. ನಾಯಿಯ ಬಾಲ ಡೊಂಕೆಂದು ಗಾದೆ ಮಾಡಿ ನಗುವ ನಾವು, ಅದರ ಮೂಗನ್ನು ಒಳಗೆ ಒತ್ತಿದವರು ಯಾರೆಂದು ಕೇಳಿಕೊಳ್ಳಲಿಲ್ಲ.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ನಾಲಗೆ ಮತ್ತು ಮೂಗಿನ ಒದ್ದೆ ಪೊರೆಗಳಿಂದ ಕಾವನ್ನು ಹೊರಹಾಕುತ್ತದೆ. ಮೂತಿ ಕುಗ್ಗಿದಾಗ ಆ ಹಾದಿಯೇ ಇಕ್ಕಟ್ಟಾಗುತ್ತದೆ. ಪಗ್ಗಿನ ಗೊರಕೆಯನ್ನು ಮುದ್ದೆಂದು ನಗುತ್ತೇವೆ. ಎಷ್ಟೋ ವೇಳೆ ಅದು ಗಾಳಿಗಾಗಿ ನಡೆಯುವ ಹೋರಾಟ. 2003ರಲ್ಲಿ ಒಂದು ಮೊಬೈಲ್ ಫೋನ್ ಜಾಹೀರಾತಿನಲ್ಲಿ, ಒಬ್ಬ ಹುಡುಗ ಹೋದಲ್ಲೆಲ್ಲ ಹಿಂಬಾಲಿಸುವ ಪಗ್ ಕಾಣಿಸಿಕೊಂಡಿತು. ಆಮೇಲೆ ನಮ್ಮ ದೇಶದ ನಗರಗಳಲ್ಲಿ ಪಗ್ಗಿಗೆ ಬೇಡಿಕೆ ಏರಿತು. ಜಾಹೀರಾತು ಮುಗಿಯಲು ಒಂದು ನಿಮಿಷ ಸಾಕು. ಮನೆಗೆ ಬಂದ ಮರಿ ಹನ್ನೆರಡು, ಹದಿಮೂರು ಬೇಸಗೆಗಳನ್ನು ದಾಟಬೇಕು. ಪಗ್ಗನ್ನು ಯೂರೋಪಿಗೆ ತಂದ ಹಾಲೆಂಡ್ ದೇಶವೇ, ಮೂತಿ ತೀರ ಗಿಡ್ಡವಾದ ನಾಯಿಗಳಿಂದ ಮರಿ ಮಾಡಿಸುವುದಕ್ಕೆ 2019ರಲ್ಲಿ ಕಟ್ಟುನಿಟ್ಟಿನ ಅಳತೆಯನ್ನು ವಿಧಿಸಿತು. ಇದನ್ನು ಕಾಲದ ನ್ಯಾಯ ಎನ್ನಬೇಕು.

ಕೆಟ್ಟುದನ್ನು ಸರಿಪಡಿಸಲು ಬಾರದೆ? ಯತ್ನಗಳುಂಟು. ದೊರೆ ಎರಡನೆಯ ಚಾರ್ಲ್ಸ್‌ನ ಕಾಲದ ವರ್ಣಚಿತ್ರಗಳಲ್ಲಿ ನೀಳ ಮೂತಿಯ ಪುಟ್ಟ ಸ್ಪ್ಯಾನಿಯಲ್ ನಾಯಿಗಳಿವೆ. ಅವೂ ಕಾಲಕ್ರಮದಲ್ಲಿ ಚಪ್ಪಟೆಯಾದವು. 1926ರಲ್ಲಿ ರಾಸ್ವೆಲ್ ಎಲ್ಡ್ರಿಜ್ ಎಂಬ ಅಮೆರಿಕನ್, ಹಳೆಯ ಮಾದರಿಯ ಸ್ಪ್ಯಾನಿಯಲ್ ತಂದವರಿಗೆ 25 ಪೌಂಡ್ ಬಹುಮಾನವೆಂದು ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಸಾರಿದನು. ಆ ಆಸೆಯಿಂದ ಮೂಗು ಮರಳಿತು. 1928ರಲ್ಲಿ ಕ್ಯಾವಲಿಯರ್ ತಳಿಗೆ ಪ್ರತ್ಯೇಕ ಸಂಘವಾಯಿತು. ಸೌಮ್ಯತೆಯಲ್ಲಿ ಇದಕ್ಕೆ ಎಣೆಯಾದ ನಾಯಿ ವಿರಳ. ಆದರೆ ಕೆಲವೇ ನಾಯಿಗಳಿಂದ ತಳಿಯನ್ನು ಕಟ್ಟಿದುದರಿಂದ ಹೃದಯದ ಕವಾಟದ ರೋಗ ಮನೆಮಾಡಿತು. ವಯಸ್ಸಾದ ಕ್ಯಾವಲಿಯರ್‌ಗಳಲ್ಲಿ ಬಹುಪಾಲು ಅದಕ್ಕೆ ತುತ್ತಾಗುತ್ತವೆ. ಮೂಗನ್ನು ಹಿಂದಿರುಗಿಸುವುದು ಸಾಧ್ಯ. ಆದರೆ ಬೆಲೆಯಿಲ್ಲದೆ ಅಲ್ಲ.

ಹಾಗಾದರೆ ಯಾವ ನಾಯಿ? ಉತ್ತರ ಒಂದೇ ಆಗಿರಲಾರದು. ನಾನು ಹೇಳಬಲ್ಲುದು ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ. ಈ ನಾಯಿಯ ಹಿರಿಯರ ಕಸುಬೇನು? ಆ ಕಸುಬಿಗೆ ಬದಲಾಗಿ ನಮ್ಮ ಮನೆಯಲ್ಲಿ ಅದು ಏನು ಮಾಡೀತು? ಅದು ಯಾವ ಹವೆಯಲ್ಲಿ ರೂಪುಗೊಂಡಿತು, ನಮ್ಮದು ಯಾವ ಹವೆ? ಅದರ ದನಿಯನ್ನು ನೆರೆಹೊರೆ ಸಹಿಸೀತೆ? ಹಗಲೆಲ್ಲ ಮನೆಗೆ ಬೀಗ ಬೀಳುವುದಾದರೆ, ಒಡನಾಟಕ್ಕಾಗಿಯೇ ಹುಟ್ಟಿದ ಜೀವ ಆ ಬೀಗದ ಹಿಂದೆ ಹೇಗಿದ್ದೀತು? ಮರಿಯನ್ನು ಕೊಳ್ಳುವ ಮುಂಚೆ ಅದರ ತಾಯಿಯನ್ನು ನೋಡಿರಿ; ತಾಯಿ ಉಸಿರಾಡುವ ಸದ್ದನ್ನು ಕಿವಿಗೊಟ್ಟು ಕೇಳಿರಿ. ತಾಯಿಯನ್ನು ತೋರಿಸಲೊಲ್ಲದವರಿಂದ ಮರಿ ತರಬೇಡಿರಿ. ಈ ಪ್ರಶ್ನೆಗಳಿಗೆ ಯಾವ ವಿಲಾಯತಿ ತಳಿಯೂ ಸರಿಹೊಂದದಿದ್ದರೆ ನಿಮ್ಮ ಬೀದಿಯ ಮರಿಯತ್ತ ಒಮ್ಮೆ ನೋಡಿರಿ. ಬೆಳೆದಾಗ ಅದು ಮಡಿಲಲ್ಲಿ ಹಿಡಿಸಲಾರದು. ಆದರೆ ಅದನ್ನು ರೂಪಿಸಿದ್ದು ನಮ್ಮದೇ ಬಿಸಿಲು, ನಮ್ಮದೇ ಮಳೆ.

ನಾಯಿಯನ್ನು ಅರಿತು ಬೇಡುವುದು ಕನ್ನಡ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಶಕ 872ರ, ಎಂದರೆ ಸುಮಾರು ಕ್ರಿ.ಶ. 949-50ರ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಆ ಕಾಳಿ ಬೇಟೆಯಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಕೂಡಿಯೇ ಸತ್ತಿತು. ಮಣಲೆರನು ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದನು. ಕಾಳಿ ಮಡಿಲಿನ ನಾಯಿಯಲ್ಲ, ನಿಜ. ಆದರೆ ತಾನು ಬೇಡುತ್ತಿರುವುದು ಎಂಥ ಜೀವವೆಂದು ಮಣಲೆರನಿಗೆ ಗೊತ್ತಿತ್ತು, ಅದು ಸತ್ತ ಮೇಲೂ ತನ್ನ ಹೊಣೆ ಮುಗಿಯದೆಂಬುದೂ ಗೊತ್ತಿತ್ತು. ಮೂರು ಕಿಲೋ ತೂಕದ ನಾಯಿಯನ್ನು ಮನೆಗೆ ತರುವವರಿಗೂ ಇವೆರಡು ಗೊತ್ತಿರಬೇಕು.