ಬಾಡಿಗೆ ಮನೆ ಮತ್ತು ದಲಾಲಿಯ ದುಡ್ಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು 'ಬಾಡಿಗೆ ಮನೆ ಹುಡುಕಿ ನೋಡು' ಎಂಬುದನ್ನು ಯಾಕೆ ಬಿಟ್ಟರೋ! ಬಹುಶಃ ಅವರಿಗೆ ಅದರ ಗೊಡವೆ ಇರಲಿಲ್ಲ. ಹುಟ್ಟಿದ ಊರು, ಹೊಕ್ಕ ಮನೆ ಎರಡರಲ್ಲೇ ಹೆಚ್ಚಿನವರ ಬಾಳು ಮುಗಿಯುತ್ತಿತ್ತು. ಬಾಡಿಗೆ ಮನೆಯೆಂಬುದು ನೌಕರಿಯ ಬೆನ್ನು ಹತ್ತಿ ಬಂದದ್ದು.

ನಮ್ಮ ಹುಬ್ಬಳ್ಳಿ-ಧಾರವಾಡಕ್ಕೆ ಅದು ರೈಲು ಹತ್ತಿ ಬಂತೆಂದರೂ ತಪ್ಪಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇಲ್ಲಿಗೆ ಬಂದಾಗ ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು, ಕಾರ್ಖಾನೆ ಹುಬ್ಬಳ್ಳಿಯಲ್ಲಿ. ದೂರದೂರದ ಗುಮಾಸ್ತರು, ಕೆಲಸಗಾರರು ಬಂದರು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿತು, ಮುಖ್ಯ ಕಚೇರಿಯೂ ಅತ್ತ ಹೋಯಿತು. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು ಮುಂದೆ ಅದೇ ರೈಲ್ವೆ ಕಟ್ಟಡದಲ್ಲಿ ನೆಲೆಯೂರಿತು. ಗುಮಾಸ್ತರು ಹೋದಲ್ಲಿ ವಿದ್ಯಾರ್ಥಿಗಳು ಬಂದರು. 1950ರಲ್ಲಿ ವಿಶ್ವವಿದ್ಯಾಲಯವೂ ಮುಂಬಯಿಯಿಂದ ಧಾರವಾಡಕ್ಕೆ ಬಂದ ಮೇಲಂತೂ ಹೊರಗಿನವರ ಬರವು ನಿಲ್ಲಲೇ ಇಲ್ಲ.

ಇವರಿಗೆಲ್ಲ ಮನೆ ಕೊಡಿಸಿದವರಾರು? ಬಡ ಹುಡುಗರಿಗೆ ಮುರುಘಾಮಠದ ಪ್ರಸಾದ ನಿಲಯದಂಥ ಆಸರೆಗಳಿದ್ದವು, ವಾರಾನ್ನದ ಮನೆಗಳಿದ್ದವು. ಸಂಸಾರಸ್ಥರಿಗೆ ಗುರುತಿನವರ ಒಂದು ಮಾತೇ ಸಾಕು. 1978ರಲ್ಲಿ ನಮ್ಮ ತಂದೆಗೆ ಧಾರವಾಡಕ್ಕೆ ವರ್ಗವಾದಾಗ, ಅವರ ಸಹೋದ್ಯೋಗಿಯೊಬ್ಬರು "ನಮ್ಮ ಪೈಕಿ ಮಂದಿ, ಭಾಳ ಸಜ್ಜನರು" ಎಂದಿದ್ದಕ್ಕೆ ಮಾಳಮಡ್ಡಿಯ ಹಂಚಿನ ಮನೆಯ ಎರಡು ಕೋಣೆ ಸಿಕ್ಕವು. ದಲಾಲಿ ಒಂದು ಪೈಸೆ ಇಲ್ಲ.

ಪುಕ್ಕಟೆ ಸಿಕ್ಕಿತೆಂದು ಅವ್ವ ಬಹಳ ದಿನ ಹೇಳಿಕೊಂಡಳು. ಆದರೆ 'ನಮ್ಮ ಪೈಕಿ' ಎಂಬ ಮಾತಿನ ಬೆಲೆ ನನಗೆ ಹೊಳೆದದ್ದು ದೊಡ್ಡವಳಾದ ಮೇಲೆ. ಆ ಮಾತು ಹೇಳಲು ಯಾರೂ ಇಲ್ಲದವರು ಎಲ್ಲಿಗೆ ಹೋಗಬೇಕಿತ್ತು? ಬೇರೆ ಜಾತಿಯವರು, ಬೇರೆ ಧರ್ಮದವರು, ಗಂಡನನ್ನು ಕಳೆದುಕೊಂಡವಳು, ಒಂಟಿಯಾಗಿ ನೌಕರಿಗೆ ಬಂದ ನರ್ಸಬಾಯಿ? ಇವರ ಪಾಲಿಗೆ ಖಾಲಿ ಇದ್ದ ಮನೆಯೂ "ನಿನ್ನೇನ ಕೊಟ್ಟಬಿಟ್ಟೇವ್ರಿ" ಆಗಿರುತ್ತಿತ್ತು.

ಸರಕಾರವೂ ನಡುವೆ ಬಾರದಿರಲಿಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದಾಗ 1947ರ ಮುಂಬಯಿ ಬಾಡಿಗೆ ಕಾಯ್ದೆ ಬಂತು. ಅದು 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಅಳತೆಗೋಲಾಗಿ ಹಿಡಿಯಿತು, ಪಗಡಿ ತೆಗೆದುಕೊಳ್ಳುವುದನ್ನು ಅಪರಾಧವೆಂದಿತು. ಏಕೀಕರಣದ ಬಳಿಕ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ಆ ಭಾಗ ಜಾರಿಯಲ್ಲಿದ್ದ ಊರುಗಳಲ್ಲಿ, ಮನೆ ಖಾಲಿಯಾದರೆ ಮಾಲೀಕ ಹದಿನೈದು ದಿನದೊಳಗೆ ಕಂಟ್ರೋಲರಿಗೆ ತಿಳಿಸಬೇಕು. ಯಾರಿಗೆ ಕೊಡಬೇಕೆಂಬುದನ್ನು ಕಂಟ್ರೋಲರ್ ತೀರ್ಮಾನಿಸಬೇಕು. ಅಂದರೆ ಸರಕಾರವೇ ದಲಾಲಿಯಿಲ್ಲದ ದಲಾಲ! ಉದ್ದೇಶ ಒಳ್ಳೆಯದೇ. ಆದರೆ ಬಾಡಿಗೆ ಏರದು, ಬಂದವನು ಏಳನು ಎಂದು ಹೆದರಿದ ಮಾಲೀಕರು ಮನೆಗೆ ಕೀಲಿ ಜಡಿದು ಕೂಡುವುದನ್ನೂ ಕಲಿತರು. 1999ರ ಹೊಸ ಕಾಯ್ದೆ 2001ರ ಕೊನೆಯ ದಿನ ಜಾರಿಗೆ ಬಂದು ಹಳೆಯದನ್ನು ತೆಗೆದುಹಾಕಿತು. ಮನೆ ಕೊಡಿಸುವ ಮಧ್ಯವರ್ತಿಗಳು ಕಂಟ್ರೋಲರಲ್ಲಿ ಹೆಸರು ನೋಂದಾಯಿಸಬೇಕೆಂದು ಅದರಲ್ಲಿದೆ. ದಲಾಲನಿಗೆ ಕಾನೂನಿನ ಪುಸ್ತಕದಲ್ಲಿ ಒಂದು ಜಾಗ ಸಿಕ್ಕಿತು.

ದಲಾಲ ಹುಬ್ಬಳ್ಳಿಗೆ ಹೊಸಬನಲ್ಲ. ಅರಬ್ಬಿಯಿಂದ ಬಂದ ಈ ಶಬ್ದ ನಮ್ಮ ಹತ್ತಿಯ ಪೇಟೆಯಲ್ಲಿ ಎಂದೋ ಬೇರೂರಿದೆ. ಈಗ ಮನೆಗೂ ಅವನೇ. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಹುಬ್ಬಳ್ಳಿಗೆ ಬಂತು, 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ, 2016ರಲ್ಲಿ ಐಐಟಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಂದ ಸಪ್ತಾಪುರ ತುಂಬಿ ತುಳುಕುತ್ತಿದೆ. ಇಷ್ಟು ಜನರಲ್ಲಿ ಯಾರಿಗೆ ಯಾರ ಗುರುತು?

ನಮ್ಮ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿಯೊಬ್ಬಳಿಗೂ ಇದೇ ಪಾಡು. ಮದುವೆಯಾಗಿಲ್ಲ, ಜೊತೆಗೆ ತಾಯಿ ಮಾತ್ರ. ನಾಲ್ಕು ಭಾನುವಾರ ಓಣಿ ಓಣಿ ತಿರುಗಿದಳು. ಎಲ್ಲೆಡೆ ಅದೇ ಪ್ರಶ್ನೆಗಳು: ಗಂಡಸರು ಯಾರೂ ಇಲ್ಲೇನು? ನೀವು ಯಾವ ಮಂದಿ? ಕೊನೆಗೆ ನನ್ನಲ್ಲಿಗೆ ಬಂದು, "ಅಕ್ಕೋರ, ಏಜೆಂಟ ಒಂದು ತಿಂಗಳ ಬಾಡಿಗಿ ದಲಾಲಿ ಕೇಳ್ತಾನ್ರಿ. ಒಂಬತ್ತು ಸಾವಿರ! ಕೊಡಲೋ ಬ್ಯಾಡೋ?" ಎಂದಳು.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆಟೋ ಖರ್ಚು, ಹೋದ ಭಾನುವಾರಗಳು, ಲಾಡ್ಜಿನ ಬಾಡಿಗೆ ಒಂದು ಕಡೆ. ಒಂಬತ್ತು ಸಾವಿರ ಇನ್ನೊಂದು ಕಡೆ. ಲೆಕ್ಕದಲ್ಲಿ ಬಾರದ್ದೊಂದಿತ್ತು: ಆ ಪ್ರಶ್ನೆಗಳಿಗೆ ಹತ್ತು ಬಾಗಿಲಲ್ಲಿ ನಿಂತು ಉತ್ತರಿಸುವ ಸಂಕಟ. ದಲಾಲ ಅದನ್ನು ತಾನೇ ಮುಂಚೆ ಮಾತಾಡಿ, ಒಪ್ಪಿದವರ ಮನೆಗಷ್ಟೇ ಕರೆದೊಯ್ಯುತ್ತಾನೆ. ಹಾಗಾಗಿ "ಕೊಡು" ಎಂದೆ. ಆದರೆ ಕಟ್ಟಳೆಗಳನ್ನೂ ಹೇಳಿದೆ. ಮೊದಲೇ ಹಣ ಕೇಳಿ ಬರೀ ಮನೆಗಳ ಪಟ್ಟಿ ಕೊಡುವವರ ಗೊಡವೆ ಬೇಡ. ಮನೆ ಕಣ್ಣಾರೆ ನೋಡಬೇಕು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಪಕ್ಕದ ಮನೆಯ ಹೆಂಗಸನ್ನು ಕೇಳಬೇಕು. ಮುಂಗಡ ಮಾಲೀಕರ ಕೈಗೇ ಕೊಟ್ಟು ರಸೀತಿ ಪಡೆಯಬೇಕು. ಕರಾರುಪತ್ರವಾಗಿ ಕೀಲಿ ಕೈಗೆ ಬಂದ ಮೇಲೆ ದಲಾಲಿ. ಅವಳು ಹಾಗೆಯೇ ಮಾಡಿದಳು. ದಲಾಲನೂ ಚೌಕಾಶಿಗೆ ಬಗ್ಗಿ ಆರು ಸಾವಿರಕ್ಕೆ ಒಪ್ಪಿದ.

ಆ ಆರು ಸಾವಿರ ಯಾತಕ್ಕೆ ಹೋಯಿತೆಂದು ನಾನು ಆಮೇಲೂ ಯೋಚಿಸಿದ್ದೇನೆ. ಮನೆ ತೋರಿಸಿದ್ದಕ್ಕೆ ಅರ್ಧ. ಉಳಿದರ್ಧ ನಮ್ಮಂಥವರು ಕೇಳುವ ಪ್ರಶ್ನೆಗಳಿಗೆ ತೆತ್ತ ತೆರಿಗೆ. ಈಗ ನಮ್ಮಲ್ಲಿ ಎಷ್ಟೋ ಜನ ಮನೆ ಕಟ್ಟಿಸಿ, ಮೇಲಿನ ಮಹಡಿಯನ್ನು ಬಾಡಿಗೆಗೆ ಇಟ್ಟಿದ್ದೇವೆ. ಗಂಡಸರು ಆಫೀಸಿಗೆ ಹೋದ ಹೊತ್ತಿನಲ್ಲಿ ಮನೆ ಕೇಳಿ ಬರುವವರಿಗೆ ಬಾಗಿಲು ತೆರೆಯುವವರು ನಾವೇ. ಬಾಡಿಗೆ ಹೊತ್ತಿಗೆ ಸರಿಯಾಗಿ ಕೊಡುತ್ತೀರಾ, ಮನೆ ಸ್ವಚ್ಛ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರೆ ಸಾಕಲ್ಲವೇ? ಅಷ್ಟಕ್ಕೇ ನಿಲ್ಲಿಸಿದರೆ ಬಾಗಿಲಲ್ಲಿ ನಿಂತ ಹುಡುಗಿಗೆ ದಲಾಲನ ಅರ್ಧ ದುಡ್ಡಾದರೂ ಉಳಿದೀತು.