ಮುಳುಗಿ ಬದುಕಿದವರು: ನೆದರ್ಲೆಂಡ್ಸ್ ಯಹೂದಿಗಳ ಅಜ್ಞಾತವಾಸ

ಡಚ್ ಭಾಷೆಯಲ್ಲಿ ‘ಒಂಡರ್‌ಡೌಕನ್’ ಎಂದರೆ ನೀರಿನಲ್ಲಿ ಮುಳುಗುವುದು. ಎರಡನೆಯ ಮಹಾಯುದ್ಧದ ಕಾಲಕ್ಕೆ ನೆದರ್ಲೆಂಡ್ಸಿನಲ್ಲಿ ಈ ಮಾತಿಗೆ ತಲೆಮರೆಸಿಕೊಳ್ಳುವುದು ಎಂಬ ಅರ್ಥ ನೆಲೆಯಾಯಿತು. 1942ರ ನಂತರ 25,000ಕ್ಕೂ ಹೆಚ್ಚು ಯಹೂದಿಗಳು ಹೀಗೆ ಮುಳುಗಿದರು. ಯುದ್ಧ ಮುಗಿದಾಗ ಮತ್ತೆ ತಲೆಯೆತ್ತಿದವರು ಸುಮಾರು 16,000 ಮಂದಿ.

ಜರ್ಮನ್ ಸೇನೆ ಈ ದೇಶದ ಮೇಲೆ ದಾಳಿಯಿಟ್ಟದ್ದು 1940ರ ಮೇ 10ರಂದು. ಆಗ ಅಲ್ಲಿದ್ದ ಯಹೂದಿಗಳು ಸುಮಾರು 1,40,000. 1941ರ ಜನವರಿಯಲ್ಲಿ ಅವರೆಲ್ಲರೂ ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಹೊರಟಿತು. ಕಾನೂನಿಗೆ ತಲೆಬಾಗಿ ನಡೆದು ರೂಢಿಯಾಗಿದ್ದ ಜನ, ಬಹುಪಾಲು ಎಲ್ಲರೂ ನೋಂದಾಯಿಸಿಕೊಂಡರು. ಅದೇ ವರ್ಷ ಬಂದ ಗುರುತಿನ ಚೀಟಿಯಲ್ಲಿ ಭಾವಚಿತ್ರವೂ ಬೆರಳಚ್ಚೂ ಇದ್ದವು. ಯಹೂದಿಗಳ ಚೀಟಿಗೆ ‘ಜೆ’ ಅಕ್ಷರದ ಮೊಹರು ಬಿತ್ತು. ಆ ಚೀಟಿಯನ್ನು ನಕಲು ಮಾಡುವುದು ಬಲು ಕಷ್ಟವಾಗಿತ್ತು. 1942ರ ಮೇ ತಿಂಗಳಿಂದ ಹಳದಿ ನಕ್ಷತ್ರ ಧರಿಸುವುದು ಕಡ್ಡಾಯವಾಯಿತು. ಜುಲೈ 15ರಂದು ವೆಸ್ಟರ್‌ಬೋರ್ಕ್ ಶಿಬಿರದಿಂದ ಆಶ್‌ವಿಟ್ಸ್ ಸಾವಿನ ಶಿಬಿರಕ್ಕೆ ಮೊದಲ ರೈಲು ಹೊರಟಿತು.

ಅಡಗಲು ನೆಲವೂ ಅನುಕೂಲವಾಗಿರಲಿಲ್ಲ. ಸಮತಟ್ಟಾದ, ದಟ್ಟ ಜನವಸತಿಯ ದೇಶ. ದೊಡ್ಡ ಕಾಡಿಲ್ಲ, ಬೆಟ್ಟವಿಲ್ಲ. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಶತ್ರುವಶದಲ್ಲಿದ್ದ ಬೆಲ್ಜಿಯಂ, ಉಳಿದದ್ದು ಸಮುದ್ರ. ಹಾಗಾಗಿ ಅಡಗುತಾಣವೆಂದರೆ ಇನ್ನೊಬ್ಬರ ಮನೆಯೇ: ಅಟ್ಟ, ನೆಲದ ಹಲಗೆಯಡಿಯ ಪೊಟರೆ, ಕಪಾಟಿನ ಹಿಂದಿನ ಸಂದು. ಹಾರ್ಲೆಮ್ ಪಟ್ಟಣದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಟೆನ್ ಬೋಮ್ ಕುಟುಂಬ ಮಲಗುವ ಕೋಣೆಯೊಂದರಲ್ಲಿ ಸುಳ್ಳು ಗೋಡೆ ಎಬ್ಬಿಸಿತ್ತು. 1944ರ ಫೆಬ್ರುವರಿ 28ರಂದು ಪೊಲೀಸರು ಮನೆಗೆ ನುಗ್ಗಿ ಮನೆಯವರನ್ನು ಹಿಡಿದರು. ಗೋಡೆಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ ಆರು ಮಂದಿ ಮಾತ್ರ ಅವರ ಕೈಗೆ ಸಿಗಲಿಲ್ಲ. ಆಶ್ರಯ ಕೊಟ್ಟ ಮುದುಕ ಕ್ಯಾಸ್ಪರ್ ಹತ್ತೇ ದಿನಗಳಲ್ಲಿ ಸೆರೆಯಲ್ಲಿ ತೀರಿಕೊಂಡರು.

ಆದರೆ ಗೋಡೆ ಎಬ್ಬಿಸುವುದಕ್ಕಿಂತ ಅದರ ಹಿಂದಿನ ಹೊಟ್ಟೆಗಳನ್ನು ತುಂಬಿಸುವುದೇ ದೊಡ್ಡ ಕೆಲಸವಾಗಿತ್ತು. ಯುದ್ಧಕಾಲದಲ್ಲಿ ರೊಟ್ಟಿ, ಬೆಣ್ಣೆ, ಕಲ್ಲಿದ್ದಲು ಎಲ್ಲವೂ ರೇಷನ್. ಸರಕಾರದ ಕಡತದಿಂದ ಮಾಯವಾದವರಿಗೆ ರೇಷನ್ ಚೀಟಿ ಎಲ್ಲಿಂದ ಬರಬೇಕು? 1942ರ ಕೊನೆಗೆ ಹೆಲೆನಾ ಕೌಪರ್ಸ್-ರೀಟ್‌ಬರ್ಗ್ ಎಂಬ ಗೃಹಿಣಿ ಮತ್ತು ಪಾದ್ರಿ ಫ್ರಿಟ್ಸ್ ಸ್ಲೋಂಪ್ ಸೇರಿ ಊರೂರಿಗೆ ಹಬ್ಬಿದ ಗುಪ್ತ ಜಾಲವೊಂದನ್ನು ಕಟ್ಟಿದರು. ಅದರ ಬೆನ್ನಿಗೆ ನಿಂತ ಸಶಸ್ತ್ರ ತಂಡಗಳು ರೇಷನ್ ಕಚೇರಿಗಳನ್ನೇ ಲೂಟಿ ಮಾಡಿ ಚೀಟಿ ತಂದವು. ಬ್ಯಾಂಕಿನ ವ್ಯವಹಾರ ಬಲ್ಲ ವಾಲ್ರಾವನ್ ವಾನ್ ಹಾಲ್ ಹಣ ಹೊಂದಿಸಿದರು. ಜರ್ಮನಿಯ ಕಾರ್ಖಾನೆಗಳಿಗೆ ದುಡಿಯಲು ಹೋಗಲೊಪ್ಪದೆ ಅಡಗಿದ ಡಚ್ ಯುವಕರೂ ಸೇರಿ 1944ರ ಹೊತ್ತಿಗೆ ಮುಳುಗಿದವರ ಸಂಖ್ಯೆ ಮೂರು ಲಕ್ಷ ದಾಟಿತ್ತು. ಕಾಗದವೇ ಶತ್ರು ಎಂದು ಅರಿತ ಶಿಲ್ಪಿ ಗೆರಿಟ್ ವಾನ್ ಡರ್ ವೇನ್ ಮತ್ತು ಲೇಖಕ ವಿಲ್ಲೆಮ್ ಅರೊಂಡೇಯಸ್ 1943ರ ಮಾರ್ಚ್ 27ರ ರಾತ್ರಿ ಸಂಗಡಿಗರೊಂದಿಗೆ ಆಮ್‌ಸ್ಟರ್‌ಡ್ಯಾಮಿನ ನಿವಾಸಿಗಳ ನೋಂದಣಿ ಕಡತಗಳ ಕಚೇರಿಗೆ ಬೆಂಕಿಯಿಟ್ಟರು. ಸುಟ್ಟದ್ದು ಸ್ವಲ್ಪವೇ ಪಾಲು. ಅದಕ್ಕಾಗಿ ಅರೊಂಡೇಯಸ್ ಸೇರಿ ಹನ್ನೆರಡು ಮಂದಿ ಗುಂಡಿಗೆ ಬಲಿಯಾದರು.

ಮಕ್ಕಳನ್ನು ಬಚ್ಚಿಡುವುದು ಬೇರೆಯೇ ಬಗೆಯ ಕೆಲಸ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹಿಡಿದುತಂದ ಯಹೂದಿಗಳನ್ನು ಒಂದು ನಾಟಕಶಾಲೆಯಲ್ಲಿ ಕೂಡಿಹಾಕಿ, ಎಳೆಯ ಮಕ್ಕಳನ್ನು ಎದುರಿನ ಶಿಶುವಿಹಾರದಲ್ಲಿ ಇಡುತ್ತಿದ್ದರು. ನಾಟಕಶಾಲೆಯ ಉಸ್ತುವಾರಿಗೆ ನೇಮಿತರಾದ ಯಹೂದಿ ವಾಲ್ಟರ್ ಸ್ಯುಸ್ಕಿಂಡ್ ಕಡತದಿಂದ ಮಕ್ಕಳ ಹೆಸರು ಅಳಿಸಿದರು. ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಹೆತ್ತವರ ಒಪ್ಪಿಗೆ ಪಡೆದು ಮಕ್ಕಳನ್ನು ಸಾಗಿಸಿದರು. ಟ್ರಾಮ್ ಬಂದು ಕಾವಲುಗಾರನ ಕಣ್ಣಿಗೆ ಅಡ್ಡವಾದ ಗಳಿಗೆಯಲ್ಲಿ ಮಗುವನ್ನೆತ್ತಿಕೊಂಡು ಹೊರಬೀಳುತ್ತಿದ್ದರು. ಪಕ್ಕದ ಶಿಕ್ಷಕರ ಕಾಲೇಜಿನ ಯೋಹಾನ್ ವಾನ್ ಹುಲ್ಸ್ಟ್ ಹಿತ್ತಲ ಬೇಲಿಯ ಮೇಲಿಂದ ಕೂಸುಗಳನ್ನು ಇಸಿದುಕೊಳ್ಳುತ್ತಿದ್ದರು. ಹೀಗೆ ಸುಮಾರು 600 ಮಕ್ಕಳು ಉಳಿದರು. ಪಿಮೆಂಟೆಲ್ ಆಶ್‌ವಿಟ್ಸ್‌ನಲ್ಲಿ ಕೊಲೆಯಾದರು. ಸ್ಯುಸ್ಕಿಂಡ್ ಕೂಡ ಬದುಕಿ ಬರಲಿಲ್ಲ.

ಹಿಡಿದುಕೊಡುವವರೂ ಅದೇ ನೆಲದವರು. 1943ರಲ್ಲಿ ಹೆನ್ನೆಕೆ ಎಂಬಾತನ ತಂಡ ತಲೆಗೆ ಏಳೂವರೆ ಗಿಲ್ಡರ್ ಇನಾಮಿನ ಲೆಕ್ಕದಲ್ಲಿ ಸಾವಿರಾರು ಯಹೂದಿಗಳನ್ನು ಹುಡುಕಿ ಒಪ್ಪಿಸಿತು. ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ಬದಿಯ 263ನೇ ಕಟ್ಟಡದಲ್ಲಿ ಆನ್ ಫ್ರಾಂಕ್ ಕುಟುಂಬ ಅಡಗಿದ್ದು 1942ರ ಜುಲೈ 6ರಿಂದ; 1944ರ ಆಗಸ್ಟ್ 4ರಂದು ಅಲ್ಲಿದ್ದ ಎಂಟೂ ಜನ ಸೆರೆಸಿಕ್ಕರು. ತಿಂಗಳ ಬಳಿಕ ಸೆಪ್ಟೆಂಬರ್ 3ರಂದು ವೆಸ್ಟರ್‌ಬೋರ್ಕ್‌ನಿಂದ ಆಶ್‌ವಿಟ್ಸ್‌ಗೆ ಹೊರಟ ಕಡೆಯ ರೈಲಿನಲ್ಲಿ ಅವರಿದ್ದರು. ಮರಳಿದ್ದು ತಂದೆ ಆಟೊ ಫ್ರಾಂಕ್ ಒಬ್ಬರೇ.

ಡ್ರೆಂಥೆ ಪ್ರಾಂತ್ಯದ ನ್ಯೂವ್‌ಲಾಂಡೆ ಹಳ್ಳಿಯ ಕಥೆ ಇದಕ್ಕೆ ತೀರ ಬೇರೆ. ರೈತ ಯೋಹಾನಸ್ ಪೋಸ್ಟ್ ಮತ್ತು ಆರ್ನಾಲ್ಡ್ ಡೌವಸ್ ಮನೆಮನೆಗೂ ಹೋಗಿ ಕೇಳಿಕೊಂಡರು. ಊರಿಗೆ ಊರೇ ಯಹೂದಿಗಳನ್ನು ಒಳಗೆ ಕರೆದುಕೊಂಡಿತು. ಇಡೀ ಹಳ್ಳಿಯೇ ಅಪರಾಧಿಯಾದ ಮೇಲೆ ಚಾಡಿ ಹೇಳುವ ಭಯ ತಾನಾಗಿ ತಗ್ಗಿತು. ಪೋಸ್ಟ್ ಅವರನ್ನು 1944ರ ಜುಲೈನಲ್ಲಿ ಕೊಂದರು. ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಮುಂದೆ ಈ ಹಳ್ಳಿಯನ್ನು ಒಟ್ಟಾಗಿಯೇ ಗೌರವಿಸಿತು.

1945ರ ಮೇ 5ರಂದು ಬಿಡುಗಡೆ ಬಂತು. ದೇಶದಿಂದ ಸಾಗಿಸಲಾಗಿದ್ದ ಸುಮಾರು 1,07,000 ಯಹೂದಿಗಳಲ್ಲಿ ಮರಳಿದವರು 5,000ದಷ್ಟು. ಅಡಗಿ ಉಳಿದ ಮಕ್ಕಳಲ್ಲಿ ಅನೇಕರಿಗೆ ಕರೆದೊಯ್ಯಲು ಯಾರೂ ಬರಲಿಲ್ಲ. ಯಾರ ಮನೆಯಲ್ಲಿ ಬೆಳೆಯಬೇಕೆಂದು ತೀರ್ಮಾನಿಸಲು ಸರಕಾರ ಅದೇ ವರ್ಷ ಸಮಿತಿ ನೇಮಿಸಿತು. ಯಹೂದಿ ಸಮುದಾಯಕ್ಕೂ ಸಾಕಿದವರಿಗೂ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಮಕ್ಕಳನ್ನು ಮಾತ್ರ ಯಾರೂ ಕೇಳಲಿಲ್ಲ. ‘ನೀವು ಶಿಬಿರಕ್ಕೆ ಹೋದವರಲ್ಲವಲ್ಲ’ ಎಂಬ ಮಾತಿನ ಮುಂದೆ ಅವರು ದಶಕಗಳ ಕಾಲ ಬಾಯಿ ಬಿಡಲಿಲ್ಲ. ಯುರೋಪಿನ ಬೇರೆ ಬೇರೆ ದೇಶಗಳಲ್ಲಿ ಹಾಗೆ ಅಡಗಿ ಬೆಳೆದಿದ್ದ ಸುಮಾರು 1,600 ಮಂದಿ ಮೊದಲ ಬಾರಿಗೆ ಒಂದೆಡೆ ಸೇರಿದ್ದು 1991ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನಲ್ಲಿ.